ಅತ್ತೆ ಹೊತ್ತೊಯ್ದ ಅರಮನೆ

ನಂಬಬೇಡಿ. ನಾಟಕ ನಡೆಯುತ್ತಿರುವಾಗಲೇ ರಂಗದ ಮೇಲಿನ ಅರಮನೆ ಒಂದೊಂದೇ ಗೋಡೆಯಾಗಿ ನಮ್ಮತ್ತೆಯ ಮನೆಗೆ ನಡೆದುಹೋಯಿತು, ಕೊನೆಯ ಗೋಡೆಯನ್ನು ಆನೆ ಹೊತ್ತಿತು ಎಂದರೆ ಯಾವ ಬುದ್ಧಿವಂತ ನಂಬುತ್ತಾನೆ? ತಾಕತ್ತಿದ್ದರೆ ಕೊನೆಯವರೆಗೂ ನಂಬದೆ ಇರಿ, ನೋಡೋಣ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತೆರಡು ವಯಸ್ಸು. ಶಿಡ್ಲಘಟ್ಟಕ್ಕೆ ಎರಡು ಮೈಲಿ ದೂರದ ನಮ್ಮೂರಿನಲ್ಲಿ ನನ್ನಷ್ಟು ಚುರುಕಿನವನು ಇನ್ನೊಬ್ಬನಿರಲಿಲ್ಲ. ಈ ಮಾತು ಹೇಳಬೇಕಾದವರೆಲ್ಲ ಸತ್ತುಹೋಗಿರುವುದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ.

ತೊಂಡೇಬಾವಿ ಕಡೆಯಿಂದ ಮೂವರು ನಾಟಕದವರು ಬಂದಿದ್ದರು. ಒಬ್ಬ ದಪ್ಪನೆಯ ರಾಜ, ಮೀಸೆ ಬೋಳಿಸಿಕೊಂಡ ಒಬ್ಬ ರಾಜಕುಮಾರಿ, ಮಿಕ್ಕ ಪಾತ್ರಗಳಿಗೆಲ್ಲ ಇನ್ನೊಬ್ಬ. ಪರದೆಯಿಲ್ಲ, ಸಿಂಹಾಸನವಿಲ್ಲ. ಇದ್ದದ್ದು ಒಂದು ಕರಿಕಂಬಳಿ, ಎರಡು ಮೊರ, ಒಂದು ಹಳೇ ಸೈಕಲ್ ಟ್ಯೂಬು. ಅದೇ ಅವರ ಆನೆ.

"ಅರಮನೆ ಒಂದಿದ್ದಿದ್ರೆ ನಾಟಕ ಹೆಂಗೆ ಏಳ್ತಿತ್ತು ಗೊತ್ತೇನಪ್ಪ!" ಎಂದ ರಾಜ.

"ಅರಮನೆ ತಾನೆ? ನಾನು ಕೊಡ್ತೀನಿ ಬಿಡಿ," ಎಂದೆ.

ನನ್ನ ಕಣ್ಣಿದ್ದದ್ದು ಅತ್ತೆಯ ಹಿತ್ತಿಲಿನ ಮೇಲೆ. ಅಲ್ಲಿ ಹದಿನಾಲ್ಕು ಚಂದ್ರಿಕೆಗಳಿದ್ದವು. ರೇಷ್ಮೆಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುವ, ಆಳೆತ್ತರದ ಬಿದಿರಿನ ತಟ್ಟಿಗಳು ಅವು. ಮೈಮೇಲೆಲ್ಲ ಸುತ್ತುಸುತ್ತಾಗಿ ಬಿದಿರಿನ ಪಟ್ಟಿ. ಸಾಲಾಗಿ ನಿಲ್ಲಿಸಿದರೆ ಮೈಸೂರಿನಲ್ಲೂ ಅಂಥ ಗೋಡೆ ಸಿಗದು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ, ಎದ್ದು ಐದು ದಿನವಾಗಿತ್ತು. ಹಣ್ಣಾಗಲು ಇನ್ನೆರಡು ದಿನ ಬೇಕು ಎಂದು ಬೆರಳು ಮಡಚಿ ಎಣಿಸಿದೆ. ಅತ್ತೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದಾಗ ಹದಿನಾಲ್ಕನ್ನೂ ಗಾಡಿಗೆ ಹಾಕಿಸಿಬಿಟ್ಟೆ. ಬೇಸಿಗೆಯ ಧಗೆಗೆ ಹುಳು ಬೇಗ ಹಣ್ಣಾಗುತ್ತದೆಂಬುದು ಊರಿನ ಕೂಸಿಗೂ ಗೊತ್ತಿತ್ತು. ಊರಿಗೇ ಚುರುಕಾದ ನನಗೆ ಮಾತ್ರ ನೆನಪಾಗಲಿಲ್ಲ.

ಅದು ಅತ್ತೆ ಒಬ್ಬಳೇ ಸಾಕಿದ ಮೊದಲ ಬೆಳೆ. ಮಾವ ಹೋಗಿ ವರ್ಷ ತುಂಬಿರಲಿಲ್ಲ. "ಹೆಂಗಸಿನ ಕೈಲಿ ಹುಳ ಏಳಲ್ಲ. ಈ ಬೆಳೆ ಕೆಟ್ರೆ ಸೊಪ್ಪಿನ ತೋಟ ನಾನು ಮಾಡ್ಕೋತೀನಿ," ಎಂದು ಅವಳ ಭಾವ, ಮಾವನ ಅಣ್ಣ, ನಾಲ್ಕು ಜನರ ಎದುರಿಗೆ ಹೇಳಿದ್ದ. ಅವತ್ತಿನಿಂದ ಅತ್ತೆ ಹುಳುಮನೆಯ ಬಾಗಿಲಲ್ಲೇ ಚಾಪೆ ಹಾಸಿಕೊಂಡಿದ್ದಳು.

ಗಾಡಿ ಹೊರಟ ದಿನವೇ, ಭಾನುವಾರ ಮಧ್ಯಾಹ್ನ, ಹುಣಸೆತೋಪಿನಲ್ಲಿ ಚಂದ್ರಿಕೆಯ ಅರಮನೆಯ ಮುಂದೆ ನಾಟಕ ಶುರುವಾಯಿತು. ಜಂಬದ ರಾಜ ಮಗಳಿಗೆ ವರ ಹುಡುಕಿದ್ದಾನೆ. ವರನಿಗೆ ಅರಮನೆ ತೋರಿಸಿ ಬಾಯಿ ಮುಚ್ಚಿಸಬೇಕು. ಅಷ್ಟೇ ಕಥೆ. ಕಂಬಳಿಯ ಆನೆ ಸೈಕಲ್ ಟ್ಯೂಬಿನಿಂದ ಮುಂದಿನ ಸಾಲಿನವರ ಮೇಲೆ ನೀರು ಉಗುಳುತ್ತಾ ಬಂತು. ವರ ಇಳಿದದ್ದು ಆನೆಯ ಬೆನ್ನಿನಿಂದಲ್ಲ, ಹೊಟ್ಟೆಯೊಳಗಿಂದ. ಹಿಂಗಾಲು ಅವನೇ ಆಗಿದ್ದರಿಂದ ಆನೆಯ ಅರ್ಧಭಾಗ ತೊಪ್ಪನೆ ಕುಸಿಯಿತು. ನಾನು ನಕ್ಕು ನಕ್ಕು ನೆಲ ಬಡಿಯುತ್ತಿದ್ದೆ. ಆಗ ಯಾರೋ ಹಿಂದಿನಿಂದ ನನ್ನ ಕಿವಿ ಹಿಡಿದರು.

"ಎಲ್ಲೋ ನನ್ನ ಚಂದ್ರಿಕೆ?"

ಅತ್ತೆ! ತಲೆಯ ತುಂಬ ಸೊಪ್ಪಿನ ಚೂರು.

"ಹುಳ ಹಣ್ಣಾಗ್ಬಿಟ್ಟವೆ ಕಣೋ. ಮೈಯೆಲ್ಲ ಹಳದಿ ತಿರುಗಿ ತಲೆ ಎತ್ಕೊಂಡು ಆಡಿಸ್ತಾ ಅವೆ. ಈಗ್ಲೇ ಹಾಕ್ದಿದ್ರೆ ಕಸದಲ್ಲೇ ನೂಲು ಬಿಟ್ಕೊಂಡು ಹಾಳಾಗ್ತವೆ."

"ನಾಟಕ ಮುಗೀಲಿ ಅತ್ತೆ. ಈಗ ಮುಟ್ಟಿದ್ರೆ ಜನ ನನ್ನ ಚರ್ಮ ಸುಲೀತಾರೆ."

"ಹುಳಕ್ಕೆ ನಿನ್ನ ನಾಟಕ ಗೊತ್ತೇನೋ? ನಡಿ," ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಇಬ್ಬರೂ ರಂಗ ಹತ್ತಿದೆವು. ರಾಜ ಕಣ್ಣು ಕೆಂಪಗೆ ಮಾಡಿ, "ಏಮಿರಾ ಇದಿ! ಅರಮನೆಗೆ ನುಗ್ಗೋಕೆ ಎಷ್ಟು ಧೈರ್ಯ?" ಎಂದು ತೆಲುಗು ಬೆರೆಸಿ ಗುಡುಗಿದ.

ನಾನು ಎದೆಯುಬ್ಬಿಸಿ ಹೇಳಿದೆ: "ಮಹಾಪ್ರಭು, ನಮ್ಮನೇಲಿ ಸಾವಿರಾರು ನೇಕಾರ್ರು ಮನೆ ಇಲ್ದೆ ತಲೆ ಎತ್ಕೊಂಡು ನಿಂತವ್ರೆ. ಒಬ್ಬ ರಾಜನಿಗೆ ಹದಿನಾಲ್ಕು ಗೋಡೆ ಯಾತಕ್ಕೆ?"

ಕೂತಿದ್ದವರೆಲ್ಲ ಹುಳು ಸಾಕುವವರೇ. ಅರ್ಥವಾದದ್ದೇ ತಡ ತೋಪು ಹಾರಿಹೋಗುವ ಹಾಗೆ ನಕ್ಕರು. ನಕ್ಕವರೇ ಎದ್ದುಬಂದು ತಲೆಗೊಂದರಂತೆ ಗೋಡೆ ಹೊತ್ತರು.

ನಾಟಕ ನಿಂತಿತೇ? ರಾಜ ಅಂಥವನಲ್ಲ. ಗೋಡೆ ಹೋದ ಕಡೆಯೆಲ್ಲ ಜನರನ್ನು ಎಳೆದು ನಿಲ್ಲಿಸಿದ. ಇಬ್ಬರು ಬಾಗಿಲಾದರು, ವರ ಒಬ್ಬನ ಹೊಟ್ಟೆ ತಟ್ಟಿದರೆ ಅವನು "ಕಿರ್ರ್" ಎಂದು ತೆರೆದುಕೊಳ್ಳುತ್ತಿದ್ದ. ಇನ್ನೊಬ್ಬ ಸೀನಿಬಿಟ್ಟ.

"ಬಾಗ್ಲಾಗಿ ಸೀನ್ತೀಯೇನೋ!" ಎಂದ ರಾಜ.

"ಹೊಸ ಮರ ಸ್ವಾಮಿ, ಇನ್ನೂ ಹಸಿ," ಎಂದಿತು ಬಾಗಿಲು.

ಹದಿಮೂರು ಚಂದ್ರಿಕೆ ಹೋದ ಮೇಲೆ ಒಂದು ಉಳಿಯಿತು. ರಾಜಕುಮಾರಿ ಸೀರೆ ಮೇಲೆತ್ತಿ ಕಂಬಳಿಯೊಳಗೆ ನುಗ್ಗಿ ಮುಂಗಾಲಾದ. ಹಿಂಗಾಲಿಗೆ ನಾನು. ಬೆನ್ನ ಮೇಲೆ ಗೋಡೆ ಹೊತ್ತು ಆನೆ ಬೀದಿಗಿಳಿಯಿತು. ಹಿಂದಿನಿಂದ ರಾಜ, "ಮಗಳನ್ನೂ ಹೊತ್ಕೊಂಡು ಹೋದ್ರಲ್ರಪ್ಪೋ!" ಎಂದು ಅರಚುತ್ತಿದ್ದ. ಹುಳುಮನೆಯ ಬಾಗಿಲಲ್ಲಿ ಅತ್ತೆ ಅಡ್ಡ ನಿಂತಳು.

"ಈ ಆನೆ ಬೀಡಿ ಸೇದಿದೆ. ವಾಸನೆಗೆ ಹುಳ ಸಾಯ್ತವೆ. ಅಲ್ಲೇ ನಿಲ್ಲು."

ಆನೆ ಅಂಗಳದಲ್ಲೇ ನಿಂತಿತು. ಒಳಗೆ ಅತ್ತೆ, ಜೊತೆಗೆ ನಾಲ್ಕೈದು ಹೆಂಗಸರು ಹಣ್ಣುಹುಳುಗಳನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟರು. ಸೊಂಟ ನೋಯುತ್ತದೆಂದು ಒಬ್ಬಳು ಕೂತಾಗ, "ಒಂದೂ ನೆಲಕ್ಕೆ ಬೀಳಬಾರ್ದು ಕಣಮ್ಮ," ಎಂದ ಅತ್ತೆ ತಾನು ಮಾತ್ರ ಕೂರಲಿಲ್ಲ. ಹೊತ್ತು ಮುಳುಗುವ ಮುಂಚೆ ಹುಳು ಸಾಕುವ ತಟ್ಟೆಗಳು ಖಾಲಿಯಾದವು.

ಐದನೇ ದಿನ ಭಾವ ಬಂದ. ಚಂದ್ರಿಕೆಯ ತುಂಬ ಗಟ್ಟಿಯಾದ ಹಳದಿ ಗೂಡುಗಳು. ಒಂದನ್ನು ಹಿಸುಕಿ ನೋಡಿದ, ಇನ್ನೊಂದನ್ನು ಹಿಸುಕಿ ನೋಡಿದ, ಕೆಮ್ಮಿದ, ಹೊರಟುಹೋದ. ತೋಟದ ಮಾತು ಮತ್ತೆ ಎತ್ತಲಿಲ್ಲ. ಆ ತೋಟದಲ್ಲಿ ಅತ್ತೆ ಸಾಯುವ ತನಕ ಸೊಪ್ಪು ಕೊಯ್ದಳು.

ಆನೆ ನಿಜ. ಸೀನಿದ ಬಾಗಿಲು ಅದಕ್ಕಿಂತ ನಿಜ. ಒಂದು ಮಾತ್ರ ನಾನು ಕಟ್ಟಿದ್ದು: ರಾಜ ಗುಡುಗಿದಾಗ ನಾನು ಎದೆಯುಬ್ಬಿಸಲಿಲ್ಲ. ಒಂದು ಚಂದ್ರಿಕೆಯ ಹಿಂದೆ ಅವಿತುಕೊಂಡಿದ್ದೆ. ರಾಜನಿಗೆ ಆ ಉತ್ತರ ಕೊಟ್ಟವಳು ಅತ್ತೆ.