ಎದುರುಮನೆ ಅಜ್ಜಿಯ ಕೋಲುನಡಿಗೆ

ಇಲ್ಲೇ ಗಲ್ಫಿನಲ್ಲಿ ಅಲ್ ರಯ್ಯಾನಿಗೆ ಮನೆ ಬದಲಿಸಲು ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯ ರಬ್ಬರಿನ ವಾಸನೆ ಬಂತು. ಮೂಲೆಯಲ್ಲಿ ಆ ಎರಡು ಕೋಲುಗಳು. ತುದಿಯ ರಬ್ಬರ್ ಮೆತ್ತಗಾಗಿ ನೆಲಕ್ಕೆ ಅಂಟಿಕೊಂಡಿತ್ತು...

ಅವು ಎದುರು ಫ್ಲಾಟಿನಲ್ಲಿ ಮಗಳ ಜೊತೆಗಿದ್ದ ಫಿನ್ಲೆಂಡ್ ಅಜ್ಜಿಯವು. ಎರಡೂ ಕೈಯಲ್ಲಿ ಕೋಲೂರಿಕೊಂಡು ದಿನವೂ ಮುಂತಜಾ ಪಾರ್ಕಿಗೆ ಹೊರಡುತ್ತಿದ್ದರು. ಅವರ ದೇಶದಲ್ಲಿ ಹಿಮದ ಮೇಲೆ ಜಾರುವ ಆಟಗಾರರು ಬೇಸಿಗೆಯಲ್ಲಿ ಅಭ್ಯಾಸ ತಪ್ಪಬಾರದೆಂದು ಬರಿನೆಲದಲ್ಲೇ ಕೋಲು ಹಿಡಿದು ನಡೆಯುತ್ತಿದ್ದರಂತೆ. ಆಮೇಲೆ ಊರವರೆಲ್ಲ ಹಾಗೇ ನಡೆಯತೊಡಗಿದಾಗ ಹೆಸರೊಂದು ಬೇಕಾಯಿತು. ಸೌವಾ ಎಂದರೆ ಕೋಲು, ಕ್ಯಾವೆಲು ಎಂದರೆ ನಡಿಗೆ. ಸೇರಿಸಿದರು, ಸೌವಾಕ್ಯಾವೆಲು. "ಹಿಮವೇ ಇಲ್ಲದ ಈ ಊರಿಗೆ ಹೇಳಿ ಮಾಡಿಸಿದ ಪದ" ಎಂದು ಅಜ್ಜಿ ನಗುತ್ತಿದ್ದರು.

ಆ ವರ್ಷ ನನ್ನ ಕಾಲು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರು ಕೋಲು ಹಿಡಿಯಿರಿ ಎಂದರೂ ಕೇಳಲಿಲ್ಲ. ನಲವತ್ತಕ್ಕೇ ಕೋಲೂರಿದರೆ ಕನ್ನಡ ಸಂಘದ ಹೆಂಗಸರು ಏನಂದಾರು? ಗೋಡೆ ಹಿಡಿದೇ ಓಡಾಡಿದೆ. ಒಣಜಂಭ!

ಒಂದು ಮಧ್ಯಾಹ್ನ ಫೈರ್ ಅಲಾರಂ ಹೊಡೆಯಿತು. ಗಂಡ ಆಫೀಸಿನಲ್ಲಿ, ಲಿಫ್ಟ್ ಬಂದ್. ಕೆಳಗಿನ ಕೆಫೆಟೇರಿಯಾದ ಹೊಗೆ ಮೆಟ್ಟಿಲೇರುತ್ತಿತ್ತು. ನಾಲ್ಕನೇ ಮಹಡಿಯ ಮೊದಲ ಮೆಟ್ಟಿಲಿಗೇ ಕಾಲು ನಡುಗಿ ಕೂತುಬಿಟ್ಟೆ. ಸತ್ತೇ ಹೋದೆ ಅಂದುಕೊಂಡೆ.

ಅಜ್ಜಿ ಹೊರಬಂದವರೇ ಎರಡೂ ಕೋಲು ನನ್ನ ಕೈಗಿಟ್ಟರು. "ಸೌವಾ" ಎಂದರು, ಕೋಲು ಕೆಳಗೂರಿದೆ. "ಕ್ಯಾವೆಲು" ಎಂದರು, ಕಾಲಿಟ್ಟೆ. ಸೌವಾ... ಕ್ಯಾವೆಲು... ಕಣ್ಣು ಉರಿಯುತ್ತಿತ್ತು. ಕೆಳಗಿನಿಂದ ಮಂಗಳೂರು ಕಡೆಯ ಅಂಗಡಿ ಕಾಕ ಕೂಗುತ್ತಿದ್ದರು, "ಯಲ್ಲಾ ಯಲ್ಲಾ! ಬೇಗ ಇಳೀರಿ ಅಕ್ಕ, ಹೊಗೆ ಜಾಸ್ತಿ ಆಗ್ತಾ ಉಂಟು!"

ಎರಡನೇ ಮಹಡಿ ದಾಟುವಾಗ, ಕಂಬಿ ಹಿಡಿದು ನನ್ನ ಹಿಂದೆ ಇಳಿಯುತ್ತಿದ್ದ ಅಜ್ಜಿಯ ದನಿ ನಿಂತಿತು. ತಿರುಗಿದೆ. ಮೆಟ್ಟಿಲ ಮೇಲೇ ಕುಸಿದು ಕೂತಿದ್ದರು. ಹೋಗು ಹೋಗು ಎಂದು ಕೈಬೀಸಿದರು. ನಾನು... ಹೋದೆ. ಅವರನ್ನು ಅಲ್ಲೇ ಬಿಟ್ಟು ಹೋದೆ. ಕಾಕ ಮೇಲೋಡಿ ಅವರನ್ನು ಎತ್ತಿಕೊಂಡು ಬಂದರು.

ಓಡಿಬಂದ ಅಜ್ಜಿಯ ಮಗಳಿಂದ ಆಮೇಲೆ ತಿಳಿಯಿತು, ಸೊಂಟದ ಆಪರೇಷನ್ ಆದಂದಿನಿಂದ ಅಜ್ಜಿ ಕೋಲಿಲ್ಲದೆ ಹತ್ತು ಹೆಜ್ಜೆ ನಡೆದವರಲ್ಲ. ನಾನದನ್ನು ಬರೀ ವ್ಯಾಯಾಮ ಅಂದುಕೊಂಡಿದ್ದೆ. ಮುಂದಿನ ತಿಂಗಳು ಅವರು ಮಗಳ ಜೊತೆ ಗಾಲಿಕುರ್ಚಿಯಲ್ಲಿ ತಮ್ಮ ದೇಶಕ್ಕೆ ಹೊರಟರು. ನಾನು ಹಿಂದಿರುಗಿಸಿದ್ದ ಕೋಲುಗಳನ್ನು ನನ್ನ ಬಾಗಿಲಿಗೆ ಒರಗಿಸಿ ಹೋಗಿದ್ದರು.

ಅಜ್ಜಿ ತೀರಿಕೊಂಡರೆಂದು ಹೋದ ಚಳಿಗಾಲದಲ್ಲಿ ಮಗಳ ಮೆಸೇಜು ಬಂತು.

"ಇದನ್ನ ಬಿಸಾಕ್ಲಾ?" ಎಂದು ಗಂಡ ಕೇಳಿದರು. ಎರಡೂ ಕೋಲು ಹಿಡಿದು, ಯಾರು ನೋಡಿದರೇನೆಂದು ಅಜ್ಜಿಯ ಬಾಗಿಲವರೆಗೆ ನಡೆದೆ. ಅಲ್ಲೀಗ ಬೇರೆ ಯಾರದೋ ಚಪ್ಪಲಿಗಳು. "ಸೌವಾ" ಎಂದೆ. ಕೋಲು ಕೆಳಗೂರಿ, ಹಿಂದಿನಿಂದ ಮುಂದಿನ ಪದ ಬರಲೆಂದು ಕಾದು ನಿಂತೆ.