ಬಿಸಿಲು ಬಿದ್ದರೆ ಸಿಟ್ಟಾಗುವ ಕೆಸರು

ಚೆನ್ನೈಯಲ್ಲಿ ಸೂರ್ಯ ಮೇಲೇಳಬೇಕಾದರೆ ಗುರುಬಸಪ್ಪನವರ ಅಪ್ಪಣೆ ಬೇಕು. ಶೋಳಿಂಗನಲ್ಲೂರಿನ ಗಾಜಿನ ಕಟ್ಟಡಗಳ ಬೆನ್ನಿಗಿರುವ ತಾವರೆಕೊಳದಲ್ಲಿ, ಲಾರಿ ಟ್ಯೂಬಿಗೆ ಹಲಗೆ ಕಟ್ಟಿದ ತೆಪ್ಪದ ಮೇಲೆ ಅವರು ಆಗಲೇ ಕುಳಿತಿದ್ದಾರೆ. ಸುತ್ತ ಗುಬ್ಬಚ್ಚಿ ಗಾತ್ರದ ಸೊಳ್ಳೆಗಳು. ಕೆಳಗೆ, ಕೋಲು ಬಿದ್ದರೆ ಶ್ರೀಲಂಕಾದಲ್ಲಿ ಮೇಲೇಳುವಷ್ಟು ಆಳದ ಕೆಸರು. ಆ ಕೆಸರಿಗೆ ಕಪ್ಪು ಕೇಬಲ್ಲೊಂದನ್ನು, ಕೂಸಿನ ಬಾಯಿಗೆ ಒಳಲೆ ಇಡುವ ನಾಜೂಕಿನಲ್ಲಿ ಇಳಿಸಿ, ದಡಕ್ಕೆ ಬಂದು ಮೀಟರಿನ ಮುಂದೆ ಕೂರುತ್ತಾರೆ.

ಕೊಳದ ಪಕ್ಕದಲ್ಲಿ ಹಿಂದೆ ಖನಿಜ ಮರಳು ತೊಳೆಯುವ ಶೆಡ್ಡೊಂದಿತ್ತು. ಅದು ಬಾಗಿಲು ಹಾಕಿ ಹೋಯಿತು. ಅದರ ವಿಕಿರಣ ಸೂಸುವ ಹೊಲಸು ಕೆಸರಿನಲ್ಲಿ ಉಳಿದಿದೆಯೇ ಎಂಬ ಅನುಮಾನ ಮಾತ್ರ ಹೋಗಲಿಲ್ಲ. ಕೆಸರಿನಲ್ಲಿ ವಿಕಿರಣವಿದ್ದರೆ ಕೇಬಲ್ಲಿನ ತುದಿಯ ಹರಳು ಕಣ್ಣಿಗೆ ಕಾಣದಷ್ಟು ಸಣ್ಣಗೆ ಮಿನುಗುತ್ತದೆ. ಒಳಗಿನ ಆಪ್ಟಿಕಲ್ ಫೈಬರ್ ಆ ಮಿನುಗನ್ನು ದಡಕ್ಕೆ ತರುತ್ತದೆ, ಮೀಟರು ಎಣಿಸುತ್ತದೆ. ರಾಣೆಬೆನ್ನೂರಿನಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಗುರುಬಸಪ್ಪ ಒಂದು ಪ್ರಯೋಗಾಲಯದ ಗುತ್ತಿಗೆ ನೌಕರರಾಗಿ ಈ ಕೊಳಕ್ಕೆ ಬಂದು ವರ್ಷವಾಯಿತು. ಮಳೆಗಾಲದಲ್ಲಿ ವೇಲಚೇರಿಯ ಅವರ ಬಾಡಿಗೆ ಮನೆಯೇ ಕೊಳವಾಗುತ್ತದೆ, ಹಾಗಾಗಿ ನೀರಿನ ಹೆದರಿಕೆ ಇಲ್ಲ.

ಹೆದರಿಕೆ ಇರುವುದು ಈ ವಾರದ ಸಂಖ್ಯೆಗಳದು. ಮಬ್ಬುಗತ್ತಲಲ್ಲಿ ಮೀಟರು ಹಸುವಿನಂತೆ ತೆಪ್ಪಗಿರುತ್ತದೆ. ಬಿಸಿಲು ಬಿತ್ತೋ, ಹುಚ್ಚೆದ್ದು ಕುಣಿಯುತ್ತದೆ. ಅದೇ ಜಾಗ, ಅದೇ ಕೆಸರು. ಕೆಸರಿಗೂ ಹಗಲು ರಾತ್ರಿ ತಿಳಿಯುತ್ತದೆಯೇ? ರಾತ್ರಿ ಯಾರಾದರೂ ಬಂದು ಏನಾದರೂ ಸುರಿಯುತ್ತಿದ್ದಾರೆಯೇ? ತಮಗೇ ಕಣ್ಣು ಮಂಜಾಯಿತೇ? ಯೋಚಿಸಿ ಯೋಚಿಸಿ ಅವರ ತಲೆಯೇ ಕೆಸರಾಗಿದೆ.

ಮೈಸೂರಿನ ಹುಡುಗಿ, ಪ್ರಯೋಗಾಲಯದ ಅಧಿಕಾರಿ ಪೂರ್ಣಿಮಾ, ನಿನ್ನೆಯೇ ಫೋನಿನಲ್ಲಿ ಹೇಳಿದ್ದಾರೆ: "ನಾಳೆಯೊಳಗೆ ಮೀಟರು ಇಳೀದೇ ಇದ್ರೆ ಕೊಳಕ್ಕೆ ಬೇಲಿ ಹಾಕಿಸ್ಲೇಬೇಕು, ಗುರುಬಸಪ್ಪನೋರೆ." ಬೇಲಿಯ ಕಲ್ಲುಕಂಬಗಳು ಆಗಲೇ ದಡದಲ್ಲಿ ಬಂದು ಬಿದ್ದಿವೆ.

ಬೇಲಿ ಬಿದ್ದರೆ ಗುಣವತಿಯ ಬದುಕಿಗೂ ಬೀಳುತ್ತದೆ. ಕೃಷ್ಣಗಿರಿ ಕಡೆಯ ಈ ಹೆಂಗಸು ಇಲ್ಲಿನ ತಾವರೆ ಮೊಗ್ಗು ಕಿತ್ತು ಕೋಯಂಬೇಡಿನ ಹೂವಿನ ಮಾರುಕಟ್ಟೆಗೆ ಒಯ್ಯುತ್ತಿದ್ದಳು. ಒಂದು ವಾರದಿಂದ ನೀರಿಗಿಳಿಯುವಂತಿಲ್ಲ. ಮೊಗ್ಗುಗಳು ಅವಳ ಕಣ್ಣೆದುರೇ ಅರಳಿ ಉದುರುತ್ತಿವೆ. ಈ ದಿನವೂ ಬರುತ್ತಾಳೆ, ನೀರಿಗಿಳಿಯಬಹುದೇ ಎಂಬ ಅದೇ ಪ್ರಶ್ನೆ ಕೇಳುತ್ತಾಳೆ, ಅದೇ ಉತ್ತರ ಪಡೆಯುತ್ತಾಳೆ.

"ನನಗೂ ತಿಳೀವಲ್ದು, ತಂಗಿ."

"ಓದ್ದೋರ ಪೆಟ್ಟಿಗೆ ಇಟ್ಕೊಂಡು ಕೂತಿದೀರ, ದಿನಾ ತಿಳೀವಲ್ದು ಅಂತೀರ. ಎನ್ನಣ್ಣಾ ಇದು? ನಮ್ಮೂರ ಗಿಳಿಶಾಸ್ತ್ರದ ಗಿಳೀನಾದ್ರೂ ಒಂದು ಚೀಟಿ ಎತ್ತುತ್ತೆ."

ಬಿಸಿಲೇರಿದೆ, ಮೀಟರು ಕುಣಿಯುತ್ತಿದೆ. ಗುಣವತಿ ಬೇಸತ್ತು ಖಾಲಿ ಬುಟ್ಟಿಯನ್ನು ಮೆಟ್ಟಿಲ ಮೇಲೆ ಬೋರಲು ಕುಕ್ಕುತ್ತಾಳೆ. ಮೀಟರು ಗಪ್ಪನೆ ಇಳಿಯುತ್ತದೆ. ಹೊರಡಲೆಂದು ಬುಟ್ಟಿ ಎತ್ತುತ್ತಾಳೆ. ಮತ್ತೆ ಕುಣಿತ.

"ಇಡು. ಅಲ್ಲೇ ಇಡು," ಎನ್ನುತ್ತಾರೆ ಗುರುಬಸಪ್ಪ.

ಬುಟ್ಟಿಯ ಕೆಳಗೆ ಹಾದಿರುವುದು ಅವರದೇ ಕೇಬಲ್. ಬೆರಳಾಡಿಸಿದರೆ, ಕಪ್ಪು ಹೊದಿಕೆಯಲ್ಲಿ ಏಡಿ ಕಡಿದ ಗಾಯ. ಅಲ್ಲಿಂದ ನುಗ್ಗಿದ ಬಿಸಿಲನ್ನೇ ಮೀಟರು ವಿಕಿರಣವೆಂದು ಎಣಿಸುತ್ತಿತ್ತು. ವಾರದಿಂದ ಕೊಳವನ್ನು ಹೆದರಿಸಿದ್ದು ಒಂದು ಏಡಿ!

ಪೂರ್ಣಿಮಾ ಆಟೋ ಹಿಡಿದು ಬರುತ್ತಾರೆ. ಏಡಿಯ ಮಾತಿಗೆ ನಗುತ್ತಾರೆ, ಆದರೆ ನಂಬಿ ಕೂರುವುದಿಲ್ಲ. ಹೊಸ ಕೇಬಲ್ಲನ್ನು ಕೊಳದ ಮೂಲೆಮೂಲೆಗೂ ಇಳಿಸುತ್ತಾರೆ, ಕೆಸರಿನ ಮಾದರಿ ಕಟ್ಟಿಕೊಳ್ಳುತ್ತಾರೆ. ಮಧ್ಯಾಹ್ನ ದಾಟಿದರೂ ಮೀಟರು ಅಲುಗುವುದಿಲ್ಲ. ಬೇಲಿ ಬೇಡವೆಂದು ಅವರು ಹೇಳಿ ಮುಗಿಸುವ ಮೊದಲೇ ಗುಣವತಿ ಸೊಂಟದ ನೀರಿನಲ್ಲಿದ್ದಾಳೆ.

ಮೊದಲ ಮೊಗ್ಗು ಗುರುಬಸಪ್ಪನವರಿಗೆ. ಅವರು ಅದನ್ನು ಸುಮ್ಮನೆ ತೆಗೆದುಕೊಳ್ಳುತ್ತಾರೆಯೇ? ಕೇಬಲ್ಲಿನ ತುದಿಯನ್ನು ಅದಕ್ಕೂ ತಾಗಿಸಿ ನೋಡುತ್ತಾರೆ. ಕೊಟ್ಟ ಹೂವಿಗೂ ಪರೀಕ್ಷೆ ಮಾಡುವ ಗಂಡಸನ್ನು ಮೂರು ಲೋಕದಲ್ಲೂ ಕಂಡಿಲ್ಲವೆಂದು ಗುಣವತಿ ನೀರಿನಿಂದಲೇ ಛೇಡಿಸುತ್ತಾಳೆ.

ಮೊಗ್ಗನ್ನು ಒದ್ದೆ ಟವೆಲಿನಲ್ಲಿ ಸುತ್ತುತ್ತಾ ಗುರುಬಸಪ್ಪ ಹೇಳುತ್ತಾರೆ: "ಹಿಂದೊಮ್ಮೆ ಈ ಕೊಳದ ಹೂವು ಒಯ್ದಿದ್ದೆ. ಲಿಂಗಪೂಜಿಗೆ ಇಡ್ಲೇನ್ರೀ ಅಂತ ನಮ್ಮ ಮನ್ಯಾಕಿ ಬಸವಣ್ಣೆಮ್ಮ ಕೇಳಿದ್ಲು. ತಿಳೀವಲ್ದು ಅಂದೆ, ತಗೊಂಡು ಹೊರಗಿಟ್ಲು. ಇವತ್ತ ಕೇಳ್ಲಿ, ಇಡು ಅಂತೀನಿ."