ಟೈಲರ್ ಅಕ್ಕ ಅಳೆದ ಬಾವಿ

ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಸೆಕ್ರೆಟರಿಯಾದದ್ದು ಬೇರೆ ಯಾರೂ ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ. ಐರೋಲಿಯ ಆಫೀಸಿಗೆ ಹೋಗಿ ಬರುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು. ಕುಡಿಯುವುದಕ್ಕೆ ಮುನಿಸಿಪಾಲಿಟಿ ನೀರು, ಮಿಕ್ಕಿದ್ದಕ್ಕೆಲ್ಲ ಕಟ್ಟಡದ ಹಿಂದಿನ ಬೋರ್‌ವೆಲ್ ನೀರು. ನೀರಿನ ಬಗ್ಗೆ ನನಗೆ ತಿಳಿದಿದ್ದದ್ದು ಅಷ್ಟೇ.

ನಾನು ಸೆಕ್ರೆಟರಿಯಾದ ಮೊದಲ ಎಪ್ರಿಲ್‌ನಲ್ಲೇ ಬೋರ್‌ವೆಲ್ ಕೈಕೊಟ್ಟಿತು. ಪೈಪಿನಲ್ಲಿ ನೀರಿನ ಬದಲು ಗಾಳಿ, ಗಾಳಿಯ ಜೊತೆ ಕೆಸರು. ಕಮಿಟಿ ಕೂತು ಹತ್ತೇ ನಿಮಿಷದಲ್ಲಿ ತೀರ್ಮಾನ ಮಾಡಿತು: ಹಳೆಯದು ಒಣಗಿದೆ, ಅದರ ಎರಡರಷ್ಟು ಆಳಕ್ಕೆ ಹೊಸದು ಹೊಡೆಸಬೇಕು. ನಾನು ಸಹಿ ಹಾಕಿ ನೋಟೀಸ್ ಬೋರ್ಡಿಗೆ ಅಂಟಿಸಿದೆ. ಅದರಲ್ಲಿ ಯೋಚಿಸುವಂಥದ್ದು ಏನಿದೆ ಎಂದೂ ನನಗೆ ಅನ್ನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಟ್ರೇನಿಗೆ ಓಡುತ್ತಿದ್ದವನನ್ನು ನೆಲಮಹಡಿಯ ಮೊದಲ ಮನೆಯ ಅಕ್ಕ ತಡೆದರು. ಅವರು ಉಡುಪಿ ಕಡೆಯವರು. ಗಂಡ ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಕಟ್ಟಡದಲ್ಲಿ ಎಲ್ಲರೂ ಅವರನ್ನು ಟೈಲರ್ ಅಕ್ಕ ಎಂದೇ ಕರೆಯುವುದು.

"ಹೊಸ ಬೋರ್ ಹೊಡೆಸ್ತೀರಂತೆ?" ಎಂದರು.

"ಹೌದಕ್ಕ. ಹಳೆಯದು ಒಣಗಿತಲ್ಲ."

"ಒಣಗಿದೆ ಅಂತ ಯಾರು ಹೇಳಿದ್ದು?"

"ನೀರು ಬರ್ತಾ ಇಲ್ಲ."

"ಬರ್ತದೆ ಮಾರಾಯ್ರೆ. ನೀವು ಅದನ್ನು ಬರ್ಲಿಕ್ಕೆ ಬಿಡುದಿಲ್ಲ, ಅಷ್ಟೆ."

ಆ ದಿನ ನನ್ನ ಟ್ರೇನು ತಪ್ಪಿತು. ಅವರ ಹೊಲಿಗೆ ಮೆಷಿನ್ ಇದ್ದದ್ದು ಹಿಂಬದಿಯ ಕಿಟಕಿಯ ಪಕ್ಕದಲ್ಲಿ. ಕಿಟಕಿಯ ಹೊರಗೆ ಎರಡು ಮಾರು ದೂರದಲ್ಲಿ ಬೋರ್‌ವೆಲ್ಲಿನ ಮೋಟರು. ಹದಿನೆಂಟು ವರ್ಷ ಆ ಸದ್ದಿನ ಪಕ್ಕದಲ್ಲಿ ಕೂತು ಹೊಲಿದಿದ್ದರು. ನೀರು ಎತ್ತುವಾಗ ಮೋಟರಿನ ಸ್ವರ ದಪ್ಪಗಿರುತ್ತದೆ, ಗಾಳಿ ಎಳೆಯತೊಡಗಿದೊಡನೆ ಟೊಳ್ಳಾಗುತ್ತದೆ ಎಂದರು. ಗಿರಾಕಿಗಳ ಅಳತೆ ಬರೆಯುವ ಪುಸ್ತಕವನ್ನು ತಿರುಗಿಸಿ ಹಿಂದಿನ ಪುಟಗಳನ್ನು ತೋರಿಸಿದರು. ಯಾವ ದಿನ ಎಷ್ಟು ನಿಮಿಷಕ್ಕೆ ಸ್ವರ ಬದಲಾಯಿತು, ಎಷ್ಟು ಹೊತ್ತು ಬಿಟ್ಟು ಹಾಕಿದಾಗ ಮತ್ತೆ ನೀರು ಬಂತು, ಎಲ್ಲವೂ ಪೆನ್ಸಿಲಿನಲ್ಲಿ ಬರೆದಿತ್ತು. ಪಕ್ಕದ ಸೊಸೈಟಿಯ ಪಂಪು ಓಡುತ್ತಿದ್ದ ಹೊತ್ತುಗಳಿಗೆ ಒಂದು ಸಣ್ಣ ಗುಣಿಸು ಚಿಹ್ನೆ. ಆ ಚಿಹ್ನೆ ಇದ್ದ ಕಡೆಯೆಲ್ಲ ನಮ್ಮ ಮೋಟರು ಬೇಗ ಟೊಳ್ಳಾಗಿತ್ತು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಯಾರೂ ಕೇಳ್ಲಿಲ್ಲ," ಎಂದರು ಅಕ್ಕ. ದೂರಿನ ಧಾಟಿ ಇರಲಿಲ್ಲ.

ಮುಂದಿನ ಭಾನುವಾರ ಟೆರೇಸಿನಲ್ಲಿ ಸಭೆ ಸೇರಿತು. ಅಕ್ಕ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ತಮ್ಮ ಮಾತು ಹೇಳಿದರು. ನಾಲ್ಕನೆಯ ಮಾಳಿಗೆಯ ಧಾರವಾಡದ ಯಜಮಾನರಿಗೆ ಅದು ರುಚಿಸಲಿಲ್ಲ. "ಬ್ಲೌಸ್ ಹೊಲಿಯೋರು ಬೋರಿನ ವಿಚಾರ ಹೇಳಾಕ ಹತ್ತಿದ್ರ ಹೆಂಗ್ರೀ?" ಎಂದರು ನನ್ನ ಕಡೆ ತಿರುಗಿ.

ಅಕ್ಕನೇ ಉತ್ತರ ಕೊಟ್ಟರು. "ನಾನು ಬೋರಿನ ವಿಷಯ ಹೇಳ್ತಾ ಇಲ್ಲ. ಕಿಟಕಿಯಲ್ಲಿ ಕೇಳಿದ್ದನ್ನು ಹೇಳ್ತಾ ಇದ್ದೇನೆ. ನಂಬುದು ಬೇಡ, ಬಂದು ನೋಡಿ."

ನೋಡಲಿಕ್ಕೆ ಒಂದು ಜಾಗ ಇತ್ತು. ಸ್ಕೂಟರ್ ನಿಲ್ಲಿಸುವ ಮೂಲೆಯ ಕಾಂಕ್ರೀಟು ಚಪ್ಪಡಿಯ ಕೆಳಗೆ ಹಳೆಯ ಬಾವಿಯೊಂದಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಕಟ್ಟಡ ಏಳುವ ಮೊದಲು ಇಲ್ಲಿದ್ದ ಚಾಳಿನ, ಅಂದರೆ ವಠಾರದ, ಬಾವಿ ಅದು. ಚಪ್ಪಡಿ ಸರಿಸಿ ಟಾರ್ಚ್ ಬಿಟ್ಟರೆ ತೀರಾ ಕೆಳಗೆ ನೀರು ಮಿನುಗಿತು. ಅಕ್ಕ ನೈಲಾನ್ ಹಗ್ಗಕ್ಕೆ ಅಡಿಗೊಂದರಂತೆ ಬಣ್ಣದ ಬಟ್ಟೆಯ ಚೂರು ಕಟ್ಟಿ ತಂದಿದ್ದರು. ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರು ಮುಟ್ಟಿದ ಕಡೆ ಬೆರಳಿಟ್ಟು ಎಲ್ಲರಿಗೂ ತೋರಿಸಿದರು. ಆಗ ನಮ್ಮ ಮೋಟರು ನಿಂತಿತ್ತು, ಓಡುತ್ತಿದ್ದದ್ದು ಪಕ್ಕದವರ ಪಂಪು. ಒಂದು ಗಂಟೆ ಬಿಟ್ಟು ಮತ್ತೆ ಇಳಿಬಿಟ್ಟರು. ನೀರು ಒಂದು ಗೇಣು ಕೆಳಗೆ ಹೋಗಿತ್ತು.

ನನ್ನ ಪಾಲಿಗೆ ಅಂದಿನವರೆಗೆ ನಮ್ಮ ನೀರು ನಮ್ಮದು, ಅವರದ್ದು ಅವರದ್ದು. ಕಾಂಪೌಂಡ್ ಗೋಡೆ ನೆಲದ ಕೆಳಗೂ ಇದೆ ಎಂದೇ ನಂಬಿದ್ದೆ.

"ನಾವು ಆಳಕ್ಕೆ ಹೊಡೆದ್ರೆ ಮೊದಲು ಅವರದ್ದು ನಿಲ್ತದೆ," ಎಂದರು ಅಕ್ಕ. "ಅವರು ಸುಮ್ಮನೆ ಕೂತ್ಕೊಳ್ತಾರಾ? ನಮಗಿಂತ ಆಳಕ್ಕೆ ಹೊಡೀತಾರೆ. ಆಮೇಲೆ ಮತ್ತೆ ನಾವು. ಎಲ್ಲಿವರೆಗೆ ಹೋಗುದು? ಮಳೆ ಬರುವವರೆಗೆ ಇಬ್ಬರೂ ಸರದಿಯಲ್ಲಿ ಎತ್ತಿ ನೋಡುವ. ಆಗ್ಲಿಲ್ಲ ಅಂದ್ರೆ ಹೊಡೆಸಿ, ನಾನೇ ಮೊದಲು ಕೈ ಎತ್ತುತ್ತೇನೆ."

ನಾನು ಬೋರ್ಡಿನಲ್ಲಿದ್ದ ನನ್ನ ನೋಟೀಸನ್ನು ನಾನೇ ಕಿತ್ತೆ. ನಾಚಿಕೆಯಾಗಿತ್ತು.

ಪಕ್ಕದ ಸೊಸೈಟಿಯ ಚೇರ್ಮನ್ ರೈಲ್ವೆಯಿಂದ ನಿವೃತ್ತರಾದ ಮರಾಠಿ ಹಿರಿಯರು. ಅಕ್ಕ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು. ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡ ಅವರು, "ನಮ್ಮ ಜಾಗದಲ್ಲಿ ಬಂದ ನೀರು, ಯಾವಾಗ ಎತ್ತಬೇಕು ಎಂದು ನೀವು ಹೇಳುವುದೇ?" ಎಂದು ಮರಾಠಿಯಲ್ಲಿ ಕೇಳಿದರು. ಅಕ್ಕ ವಾದಿಸಲಿಲ್ಲ. "ಕಾಕಾ, ಒಮ್ಮೆ ಬಂದು ನೋಡಿ ಹೋಗಿ" ಎಂದಷ್ಟೇ ಹೇಳಿದರು. ಸಂಜೆ ಅವರು ಬಂದರು. ತಮ್ಮ ವಾಚ್‌ಮನ್‌ಗೆ ತಾವೇ ಫೋನ್ ಮಾಡಿ ಪಂಪು ಹಾಕಿಸಿ, ತೆಗೆಸಿ, ಹಗ್ಗವನ್ನು ತಮ್ಮ ಕೈಯಿಂದಲೇ ಮೂರು ಸಲ ಇಳಿಬಿಟ್ಟರು. ಹೊರಡುವಾಗ ಹೇಳಿದರು, "ಬೆಳಿಗ್ಗೆ ನಾವು, ಮಧ್ಯಾಹ್ನ ನೀವು. ನಡುವೆ ನೀರಿಗೆ ಬಿಡುವು."

ಆ ಮೇ ತಿಂಗಳು ಸುಲಭವಾಗಿರಲಿಲ್ಲ. ಗೊತ್ತುಮಾಡಿದ ಹೊತ್ತು ಮುಗಿದರೆ ನಲ್ಲಿ ಬಂದ್. ಬಕೆಟ್ಟು, ಡ್ರಮ್ಮು ತುಂಬಿಸಿಡುವುದು, ಕೂಗಾಟ. ನನ್ನ ಹೆಂಡತಿಯೂ ಬಿಡಲಿಲ್ಲ: "ನಿಮ್ಮ ಟೈಲರ್ ಅಕ್ಕನಿಗೆ ಹೇಳಿ, ಬಟ್ಟೆ ಒಗೆಯಲಿಕ್ಕೆ ಅವರೇ ಬರ್ಲಿ." ಮೇಲಿನ ಮಹಡಿಗಳ ಇಬ್ಬರು ಮೂವರು ಹೆಂಗಸರು ಅವರಿಗೆ ಬ್ಲೌಸ್ ಕೊಡುವುದನ್ನೇ ನಿಲ್ಲಿಸಿದರು. ಅಕ್ಕ ಮಾತ್ರ ದಿನಾ ಸಂಜೆ ನಾಲ್ಕಕ್ಕೆ ಹಗ್ಗ ಹಿಡಿದು ಬಾವಿಯ ಬಳಿ ಹೋಗುವುದನ್ನು ನಿಲ್ಲಿಸಲಿಲ್ಲ.

ತಿಂಗಳ ಕೊನೆಯ ವಾರ ಅವರ ಲೆಕ್ಕವೂ ತಪ್ಪಿತು. ಎರಡು ಗಂಟೆ ಬಿಡುವು ಸಾಕು ಎಂದಿದ್ದರು, ಸಾಲಲಿಲ್ಲ. ಅಂದು ನೋಟೀಸ್ ಬೋರ್ಡಿನಲ್ಲಿ ಅವರ ಕೈಬರಹದ ಚೀಟಿ ಇತ್ತು, ಹಿಂದಿಯಲ್ಲಿ: "ನಾನು ಹೇಳಿದ್ದು ತಪ್ಪಾಯಿತು. ನೀರು ಮೇಲೆ ಬರಲು ಇಡೀ ದಿನ ಬೇಕು. ಮಳೆ ಬರುವವರೆಗೆ ದಿನಕ್ಕೆ ಒಂದೇ ಸಲ ಪಂಪ್." ಕೆಳಗೆ ಸಹಿ. ನಾನು ಕೆಲಸ ಮಾಡುವ ಆಫೀಸಿನಲ್ಲಿ ಇಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರನ್ನು ನಾನು ಕಂಡಿಲ್ಲ. ವಿಚಿತ್ರವೆಂದರೆ, ಜನರು ಅವರನ್ನು ನಂಬತೊಡಗಿದ್ದು ಆ ಚೀಟಿಯ ನಂತರವೇ.

ಜೂನ್ ಬರುವ ಮೊದಲು ಟೆರೇಸಿನ ಪೈಪುಗಳನ್ನು ಹಳೆಯ ಬಾವಿಯ ಕಡೆ ತಿರುಗಿಸಿದೆವು. ನಡುವೆ ಒಂದು ದೊಡ್ಡ ಡ್ರಮ್, ಅದರಲ್ಲಿ ಜಲ್ಲಿ, ಇದ್ದಿಲು, ಮರಳು. ಮೊದಲ ಮಳೆಗೆ ಎಲ್ಲರೂ ಕೆಳಗಿಳಿದು ಬಂದು ನಿಂತಿದ್ದರು, ಆದರೆ ಅಕ್ಕ ಆ ನೀರನ್ನು ಬಾವಿಗೆ ಬಿಡಲಿಲ್ಲ. "ಟೆರೇಸಿನ ಕೊಳೆ ಹೋಗ್ಲಿ" ಎಂದು ಎರಡು ದಿನದ ನೀರನ್ನು ಗಟಾರಕ್ಕೆ ಕಳಿಸಿದರು. ಮೂರನೆಯ ದಿನ ವಾಲ್ವ್ ತಿರುಗಿಸಿದ್ದು ಧಾರವಾಡದ ಯಜಮಾನರು. ತಾವೇ ಬೇಕೆಂದು ಕೇಳಿ ಪಡೆದ ಕೆಲಸ. ಪಕ್ಕದ ಸೊಸೈಟಿಯವರೂ ತಮ್ಮ ಟೆರೇಸಿನ ನೀರನ್ನು ನೆಲಕ್ಕೆ ಇಳಿಸಿದರು.

ಮರುವರ್ಷ ಮೇ ಪೂರ್ತಿ ಮೋಟರು ಓಡಿತು. ಸಮೃದ್ಧಿ ಎನ್ನುವಂತಿರಲಿಲ್ಲ, ದಿನಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ. ಆದರೆ ನೀರಿನ ಟ್ಯಾಂಕರ್ ಗೇಟಿನೊಳಗೆ ಬರಲಿಲ್ಲ. ಹೊಸ ಬೋರ್ ಇಂದಿಗೂ ಹೊಡೆಸಿಲ್ಲ. ನಡುವೆ ಪಕ್ಕದ ಸೊಸೈಟಿಯಲ್ಲಿ ಹೊಸ ಕಮಿಟಿ ಬಂದು ಕೆಲವು ವಾರ ಮಾತು ಮುರಿದದ್ದುಂಟು. ಅಕ್ಕ ಮತ್ತೆ ಹೋದರು, ಮತ್ತೆ ಬಾವಿ ತೋರಿಸಿದರು.

ಕಳೆದ ಚಳಿಗಾಲದಲ್ಲಿ ನವಿ ಮುಂಬಯಿಯ ಸೀವುಡ್ಸ್‌ನಿಂದ ಕರೆ ಬಂತು. ನಮ್ಮೂರ ಕಡೆಯ ಒಂದು ಕುಟುಂಬ ಇರುವ ಸೊಸೈಟಿ, ಅಲ್ಲಿಯೂ ಬೋರ್‌ವೆಲ್ ವಿಚಾರ. ಅಕ್ಕನ ಜೊತೆ ನಾನೂ ಹೋದೆ. ಹತ್ತು ಹನ್ನೆರಡು ಜನ ಕಾದು ನಿಂತಿದ್ದರು, ಒಬ್ಬರ ಕೈಯಲ್ಲಿ ಹೂಗುಚ್ಛ. ಅಕ್ಕ ಬೋರಿನ ನೀರನ್ನು ನಾಲಿಗೆಯ ತುದಿಗೆ ತಾಗಿಸಿ ಉಗುಳಿದರು. ಉಪ್ಪು.

"ಸಮುದ್ರದ ಖಾಡಿ ಹತ್ತಿರ ಉಂಟಲ್ಲ," ಎಂದರು. "ಜಾಸ್ತಿ ಎಳೆದ್ರೆ ಅದೇ ಒಳಗೆ ಬರ್ತದೋ ಏನೋ. ಈ ಜಾಗ ನನಗೆ ಗೊತ್ತಿಲ್ಲ. ಒಂದು ವರ್ಷ ಅಳೆದು ಬರೆದಿಡಿ, ಗೊತ್ತಿದ್ದ ಎಂಜಿನಿಯರ್ ಹತ್ರ ತೋರಿಸಿ. ಅಷ್ಟರವರೆಗೆ ಎಳೆಯುದು ಕಡಿಮೆ ಮಾಡಿ."

ಹೂಗುಚ್ಛ ಹಿಡಿದವರಿಗೆ ನಿರಾಸೆಯಾದದ್ದು ಕಾಣುತ್ತಿತ್ತು. ಠಾಣೆಗೆ ವಾಪಸ್ಸು ಬರುವ ಟ್ರೇನಿನಲ್ಲಿ ನಾನು ಹೇಳಿದೆ, "ಏನಾದರೂ ಒಂದು ಉಪಾಯ ಹೇಳಬಹುದಿತ್ತಲ್ಲಕ್ಕ. ಅಷ್ಟು ಆಸೆಯಿಂದ ಕರೆದಿದ್ದರು."

"ಎಂಥ ಹೇಳುದು? ಅಲ್ಲಿ ಒಂದು ದಿನವೂ ಕೂತವಳಲ್ಲ ನಾನು," ಎಂದರು ಅಕ್ಕ. ಠಾಣೆ ಬಂತು. ಗರ್ದಿಯಲ್ಲಿ ನನಗಿಂತ ಮೊದಲು ಇಳಿದು, ಡೊಂಬಿವಲಿಯ ಸ್ಲೋ ಲೋಕಲ್ ಯಾವ ಪ್ಲಾಟ್‌ಫಾರ್ಮಿಗೆ ಎಂದು ವಿಚಾರಿಸುತ್ತಾ ಮೆಟ್ಟಿಲು ಹತ್ತತೊಡಗಿದ್ದರು.